ಆರದ ಚೆಕ್ ಇಂಜಿನ್ ಲೈಟ್: ಕಂಪನಿ ಸರ್ವಿಸ್, ಪರಿಚಯದ ಗ್ಯಾರೇಜ್, ಸ್ಮೋಕ್ ಟೆಸ್ಟ್

ನನ್ನ ಹಳೇ ಪೆಟ್ರೋಲ್ ಕಾರು ಹೈವೇಯಲ್ಲಿ ಚೆನ್ನಾಗೇ ಓಡುತ್ತಿತ್ತು. ಸಿಗ್ನಲ್‌ನಲ್ಲಿ ನಿಂತರೆ ಮಾತ್ರ ನಡುಕ, ಒಮ್ಮೊಮ್ಮೆ ಆಫ್. ಮೈಲೇಜೂ ಇಳಿದಿತ್ತು. ಡ್ಯಾಶ್‌ಬೋರ್ಡ್‌ನಲ್ಲಿ ಚೆಕ್ ಇಂಜಿನ್ ಲೈಟ್ ಹತ್ತಿತ್ತು. ಕಾರಿನ ಕಂಪ್ಯೂಟರ್ ಕೊಟ್ಟ ದೋಷದ ಕೋಡ್ ಪಿ0171, ಅಂದರೆ ಇಂಜಿನ್‌ಗೆ ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ. ಲೈಟ್ ಅಳಿಸಿದರೆ ಕೆಲವೇ ದಿನದಲ್ಲಿ ಮತ್ತೆ ಹತ್ತಿಕೊಳ್ಳುತ್ತಿತ್ತು.

ಮೊದಲು ಕಂಪನಿ ಸರ್ವಿಸ್ ಸೆಂಟರ್. ಜಾಬ್ ಕಾರ್ಡ್, ಬಿಲ್, ಹಾಕಿದ ಪಾರ್ಟ್‌ಗೆ ವಾರಂಟಿ, ಇವೆಲ್ಲ ಅಲ್ಲಿ ಪಕ್ಕಾ. ಆದರೆ ಮಾತಾಡುವುದು ಅಡ್ವೈಸರ್ ಜೊತೆ, ಕಾರು ಬಿಚ್ಚಿದವರು ಯಾರೆಂದೇ ಗೊತ್ತಾಗಲ್ಲ. ಸೈಲೆನ್ಸರ್ ಹೊಗೆಯಲ್ಲಿ ಆಮ್ಲಜನಕ ಎಷ್ಟಿದೆ ಅಂತ ನೋಡುವ ಆಕ್ಸಿಜನ್ ಸೆನ್ಸರ್ ಬದಲಿಸಿದರು, ಥ್ರಾಟಲ್ ಬಾಡಿ ಕ್ಲೀನ್ ಮಾಡಿದರು, ಆಮೇಲೆ ಪ್ಲಗ್, ಕಾಯಿಲ್, ಪ್ರತಿ ಸಲವೂ ಟೆಸ್ಟ್ ಡ್ರೈವ್ ಮಾಡಿ "ಈಗ ಸರಿ ಇದೆ ಸರ್" ಅಂದರು. ನನಗೆ ಸಿಟ್ಟು ಬರುವುದು ಇಲ್ಲೇ. ಗಾಳಿ ಜಾಸ್ತಿ ಇದೆ ಅಂತ ಆ ಆಕ್ಸಿಜನ್ ಸೆನ್ಸರ್ ಸರಿಯಾಗೇ ಹೇಳುತ್ತಿತ್ತು, ದೂರು ಹೇಳಿದವನನ್ನೇ ಕೆಲಸದಿಂದ ತೆಗೆದ ಹಾಗಾಯಿತು.

ಪರಿಚಯದ ಗ್ಯಾರೇಜ್‌ನಲ್ಲಿ ಕೂಲಿ ಕಡಿಮೆ, ಬಾನೆಟ್ ನಮ್ಮೆದುರೇ ಎತ್ತುತ್ತಾರೆ. ಮೇಸ್ತ್ರಿ ಕಿವಿಗೊಟ್ಟು ಕೇಳಿ "ಎಲ್ಲೋ ಗಾಳಿ ಎಳೀತಿದೆ ಅಣ್ಣ" ಅಂದರು. ಅಂದಾಜು ಸರಿಯಾಗೇ ಇತ್ತು. ಆದರೆ ಎಲ್ಲಿ ಅಂತ ಹುಡುಕುವ ಸಾಧನ ಅವರ ಹತ್ತಿರ ಇರಲಿಲ್ಲ.

ಹಾಗಾಗಿ ಒಂದು ಸಣ್ಣ ಬ್ಲೂಟೂತ್ ಸ್ಕ್ಯಾನರ್ ಕೊಂಡೆ, ಇಎಲ್‌ಎಂ327 ಥರದ್ದು. ಸ್ಟೀರಿಂಗ್ ಕೆಳಗಿನ 16 ಪಿನ್ ಪೋರ್ಟ್‌ಗೆ ಚುಚ್ಚಿ ಮೊಬೈಲ್‌ನಲ್ಲಿ ನೋಡಬಹುದು. ಕೋಡ್‌ಗಿಂತ ಅದರಲ್ಲಿ ಬರುವ ಫ್ಯೂಯಲ್ ಟ್ರಿಮ್ ಮುಖ್ಯ. ಗಾಳಿ-ಪೆಟ್ರೋಲ್ ಪ್ರಮಾಣವನ್ನು ತೂಕದಲ್ಲಿ ಸುಮಾರು 14.7ಕ್ಕೆ 1ರಂತೆ ಇಡಲು ಕಂಪ್ಯೂಟರ್ ಎಷ್ಟು ಪೆಟ್ರೋಲ್ ಕೂಡಿಸುತ್ತಿದೆ, ಕಳೆಯುತ್ತಿದೆ ಅನ್ನುವ ಲೆಕ್ಕ ಅದು. ಐಡ್ಲಿಂಗ್‌ನಲ್ಲಿ, ಅಂದರೆ ಎಕ್ಸಲರೇಟರ್ ಒತ್ತದೆ ಇಂಜಿನ್ ಓಡುವಾಗ, ಕೂಡಿಸುವ ಲೆಕ್ಕ 20 ಶೇಕಡಾಕ್ಕಿಂತ ಮೇಲಿತ್ತು, 2500 ಆರ್‌ಪಿಎಂಗೆ ಏರಿಸಿದರೆ ಸರ್ರನೆ ಇಳಿಯಿತು. ಪೆಟ್ರೋಲ್ ತಳ್ಳುವ ಕಾರಿನ ಪಂಪ್ ಸೋತಿದ್ದರೆ ಹೀಗಾಗಲ್ಲ, ಎಕ್ಸಲರೇಟರ್ ಒತ್ತಿದಷ್ಟೂ ಕೊರತೆ ಜಾಸ್ತಿಯಾಗಬೇಕು. ಗಾಳಿ ಅಳೆಯುವ ಎಂಎಎಫ್ ಸೆನ್ಸರ್ ದಾಟಿದ ಮೇಲೆ ಎಲ್ಲೋ ಕಳ್ಳಗಾಳಿ ನುಗ್ಗುತ್ತಿದ್ದರೆ ಸಾಮಾನ್ಯವಾಗಿ ಹೀಗೆ: ಐಡ್ಲಿಂಗ್‌ನಲ್ಲಿ ಒಟ್ಟು ಗಾಳಿಯೇ ಕಡಿಮೆ, ಅದಕ್ಕೇ ಅಲ್ಲಿ ಅದರ ಪೆಟ್ಟು ದೊಡ್ಡದು.

ಈ ಅಂಕಿ ಹಿಡಿದುಕೊಂಡು ಸ್ಮೋಕ್ ಮೆಷಿನ್ ಇರುವ ಡಯಾಗ್ನೋಸ್ಟಿಕ್ ಗ್ಯಾರೇಜ್‌ಗೆ ಹೋದೆ. ಅವರು ಇಂಟೇಕ್‌ಗೆ, ಅಂದರೆ ಇಂಜಿನ್‌ಗೆ ಗಾಳಿ ಹೋಗುವ ದಾರಿಗೆ, ಹೊಗೆ ಬಿಟ್ಟರು; ಸೀಳಿದ್ದ ಕಡೆ ಅದು ಹೊರಗೆ ಕಾಣುತ್ತದೆ. ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಮ್ಯಾನಿಫೋಲ್ಡ್ ಅಡಿಯಲ್ಲಿ, ಇಂಜಿನ್ ಒಳಗಿನ ಆವಿಯನ್ನು ಇಂಟೇಕ್‌ಗೆ ವಾಪಸ್ ಒಯ್ಯುವ ಪಿಸಿವಿ ಹೋಸ್ ಬಾಗುವ ಜಾಗದಿಂದ ಹೊಗೆ ಹೊರಗೆ ಬಂತು, ರಬ್ಬರ್ ಸೀಳಿತ್ತು. ಹೋಸ್ ಬದಲಾಯಿಸಿದ ಮೇಲೆ ಲೈಟ್ ಮತ್ತೆ ಬಂದಿಲ್ಲ.

ವಾರಂಟಿ ಇದ್ದರೆ ಕಂಪನಿಯವರ ಹತ್ತಿರವೇ ಹೋಗಿ, ಆದರೆ ಲಕ್ಷಣವನ್ನು ನಿಮ್ಮ ಮಾತಲ್ಲೇ ಜಾಬ್ ಕಾರ್ಡ್‌ನಲ್ಲಿ ಬರೆಸಿ. ಜಿಲ್ಲಾ ಗ್ರಾಹಕ ಆಯೋಗಕ್ಕೆ 2 ವರ್ಷದೊಳಗೆ ದೂರು ಕೊಡಬಹುದು, ಆ ಕಾಗದಗಳೇ ಅಲ್ಲಿ ಸಾಕ್ಷಿ. ಸಹಾಯವಾಣಿ 1915. ವಾರಂಟಿ ಮುಗಿದಿದ್ದರೆ ನಾನು ನೇರ ಸ್ಮೋಕ್ ಟೆಸ್ಟ್ ಮಾಡುವವರ ಹತ್ತಿರವೇ ಹೋಗುತ್ತೇನೆ, ಪತ್ತೆ ಹಚ್ಚುವುದಕ್ಕೆ ಬೇರೆ ದುಡ್ಡು ಕೇಳಿದರೂ ಸರಿ. ಡೀಸೆಲ್ ಕಾರಿನವರಿಗೆ ದಾರಿ ಬೇರೆ: ಇಂಜೆಕ್ಟರ್‌ಗಳಿಗೆ ಡೀಸೆಲ್ ಹಂಚುವ ಪೈಪ್‌ನಲ್ಲಿ ಒತ್ತಡ (ರೈಲ್ ಪ್ರೆಶರ್) ಕಡಿಮೆ ಅಂತ ಪಿ0087 ಬಂದರೆ ಡೀಸೆಲ್ ಫಿಲ್ಟರ್ ನೋಡಿಸಿ, ಇಂಜೆಕ್ಟರ್‌ಗಳಿಂದ ವಾಪಸ್ ಬರುವ ಡೀಸೆಲ್ (ರಿಟರ್ನ್) ಎಷ್ಟು ಅಂತ ಅಳೆಸಿ, ಹೈ ಪ್ರೆಶರ್ ಪಂಪ್ ಮಾತು ಆಮೇಲೆ.