ಸ್ವಂತ ವಿಮಾನವೋ, ಕಾಲು ಪಾಲೋ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಪಾಲಿಗೆ. ನಾಲ್ಕು ಸೀಟಿನ ಒಂದು ಪುಟ್ಟ ಸೆಸ್ನಾ 172 ವಿಮಾನವನ್ನು ಪೂರ್ತಿ ನನ್ನ ಹೆಸರಲ್ಲೇ ಇಟ್ಟುಕೊಂಡು ನೋಡಿದ್ದೇನೆ. ಅದನ್ನು ಮಾರಿ, ಈಗ ಅದರದೇ ಇನ್ನೊಂದು ಮಾದರಿಯಾದ 172ಎಸ್‌ನಲ್ಲಿ ಕಾಲು ಪಾಲು ಇಟ್ಟುಕೊಂಡಿದ್ದೇನೆ. ನಾಲ್ಕು ಜನ, ಒಂದು ವಿಮಾನ. ಹಾರುವ ಖುಷಿ ಚೂರೂ ಕಮ್ಮಿಯಾಗಿಲ್ಲ. ಬಿಲ್ಲು ಬಂದಾಗ ಎದೆ ಧಸಕ್ಕೆನ್ನುವುದು ಮಾತ್ರ ನಿಂತಿದೆ.

ಪಾಲು ಅಂದ ಕೂಡಲೇ ಕೆಲವರಿಗೆ ನೆಟ್‌ಜೆಟ್ಸ್ ತರಹದ ಕಂಪನಿಗಳು ನೆನಪಾಗುತ್ತವೆ. ರಿಚರ್ಡ್ ಸ್ಯಾಂಟುಲಿ 1986ರಲ್ಲಿ ಶುರುಮಾಡಿದ ಪದ್ಧತಿ ಅದು. ಜೆಟ್‌ನಲ್ಲಿ ಹದಿನಾರನೇ ಒಂದು ಪಾಲು ಕೊಂಡರೆ ವರ್ಷಕ್ಕೆ 50 ಗಂಟೆ ಹಾರಾಟ. ತಿಂಗಳ ನಿರ್ವಹಣಾ ಶುಲ್ಕ ಬೇರೆ, ಹಾರಿದ ಗಂಟೆಯ ಶುಲ್ಕ ಬೇರೆ. ನೀವು ಪಾಲು ಕೊಂಡ ವಿಮಾನವೇ ಬರುತ್ತದೆ ಅಂತೇನಿಲ್ಲ, ಅದೇ ದರ್ಜೆಯ ಇನ್ನೊಂದು ಬರಬಹುದು. ಪೈಲಟ್ಟೂ ಅವರದೇ. ಅದು ಹಿಂದಿನ ಸೀಟಲ್ಲಿ ಕೂರುವವರ ಲೆಕ್ಕಾಚಾರ. ನಾನು ಬರೆಯುತ್ತಿರುವುದು ಮುಂದೆ ಎಡಗಡೆ ಸೀಟಲ್ಲಿ ಕೂತು ತಾವೇ ಹಾರಿಸುವವರಿಗೆ.

ವಿಮಾನದ ಖರ್ಚಿನಲ್ಲಿ ಎರಡು ತರಹ. ಪೆಟ್ರೋಲು, ಎಣ್ಣೆ ಇತ್ಯಾದಿ ಹಾರಿದರೆ ಮಾತ್ರ ಬರುವಂಥದ್ದು. ಹ್ಯಾಂಗರ್ (ವಿಮಾನ ನಿಲ್ಲಿಸುವ ಶೆಡ್ಡು) ಬಾಡಿಗೆ, ವಿಮೆ, ವರ್ಷದ ತಪಾಸಣೆ ಹಾರದಿದ್ದರೂ ಬರುವಂಥದ್ದು. ಮೊದಲನೆಯದು ಸ್ವಂತದ್ದಾದರೂ ಅಷ್ಟೇ, ಪಾಲಾದರೂ ಅಷ್ಟೇ. ಎರಡನೆಯದೇ ಬಿಳಿಯಾನೆ. ವರ್ಷಕ್ಕೆ 50 ಗಂಟೆ ಹಾರುವವನು ಆ ಖರ್ಚನ್ನೆಲ್ಲ 50 ಗಂಟೆಯ ತಲೆಗೇ ಕಟ್ಟಬೇಕು. ಅಷ್ಟಷ್ಟೇ ಹಾರುವ ನಾಲ್ಕು ಜನ ಸೇರಿದರೆ ಅದೇ ಖರ್ಚು 200 ಗಂಟೆಗೆ ಹಂಚಿಹೋಗುತ್ತದೆ. ಇಷ್ಟು ಎಲ್ಲರಿಗೂ ಗೊತ್ತು. ಎಂಜಿನ್ ಲೆಕ್ಕವನ್ನು ಮಾತ್ರ ಜಾಸ್ತಿ ಜನ ಹಾಕಿ ನೋಡುವುದಿಲ್ಲ.

172ಎಸ್‌ನ ಲೈಕಮಿಂಗ್ ಎಂಜಿನ್ನಿಗೆ ಕಂಪನಿಯ ಸಲಹೆ ಹೀಗಿದೆ: 2000 ಗಂಟೆ ಅಥವಾ 12 ವರ್ಷ, ಯಾವುದು ಮೊದಲು ಬರುತ್ತದೋ ಆಗ ಎಂಜಿನ್ ಪೂರ್ತಿ ಬಿಚ್ಚಿ ಹೊಸದಾಗಿ ಜೋಡಿಸುವ ಓವರ್‌ಹಾಲ್ ಮಾಡಿಸಿ. ವರ್ಷಕ್ಕೆ 50 ಗಂಟೆಯಂತೆ 12 ವರ್ಷಕ್ಕೆ ಆಗುವುದು 600 ಗಂಟೆ. ಉಳಿದ 1400 ಗಂಟೆ ಸುಮ್ನೆ ಕ್ಯಾಲೆಂಡರಿನ ಪಾಲು. ನಾಲ್ಕು ಜನ ಸೇರಿ 200 ಗಂಟೆ ಹಾರಿದರೆ ಹತ್ತು ವರ್ಷಕ್ಕೆ 2000 ಮುಟ್ಟುತ್ತದೆ. ಕೊಟ್ಟ ದುಡ್ಡಿಗೆ ಪೂರ್ತಿ ದುಡಿಸಿಕೊಂಡ ಹಾಗಾಯಿತು.

ಅದೂ ಎಂಜಿನ್ 12 ವರ್ಷ ನೆಟ್ಟಗಿದ್ದರೆ! ಈ ಎಂಜಿನ್ನುಗಳು ಹಾರಿ ಹಾಳಾಗುವುದಕ್ಕಿಂತ ನಿಂತು ಹಾಳಾಗುವುದೇ ಜಾಸ್ತಿ. ಕ್ಯಾಮ್‌ಶಾಫ್ಟ್ (ಎಂಜಿನ್ನಿನ ಕವಾಟಗಳನ್ನು ತೆರೆಯುವ ದಂಡ) ಮೇಲುಗಡೆ ಇರುತ್ತದೆ. ವಾರಗಟ್ಟಲೆ ನಿಂತರೆ ಅದರ ಮೇಲಿನ ಎಣ್ಣೆ ಇಳಿದುಹೋಗಿ, ತೇವಕ್ಕೆ ತುಕ್ಕು ಹಿಡಿಯುತ್ತದೆ. ನೆಲದ ಮೇಲೆ ಹತ್ತು ನಿಮಿಷ ಸ್ಟಾರ್ಟ್ ಮಾಡಿಟ್ಟರೆ ಸಾಲದು. ಎಣ್ಣೆ ಕನಿಷ್ಠ 165 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿ, ಒಳಗಿನ ನೀರಿನಂಶ ಆವಿಯಾಗಿ ಹೋಗಬೇಕು. ಅದಕ್ಕೆ ಹಾರಲೇಬೇಕು. ನನ್ನ ಸ್ವಂತ ವಿಮಾನದ ಕಥೆ ಮುಗಿದಿದ್ದು ಒಂದು ಎಣ್ಣೆ ಬದಲಾವಣೆಯ ದಿನ. ಮೆಕ್ಯಾನಿಕ್ ಆಯಿಲ್ ಫಿಲ್ಟರನ್ನು ಕತ್ತರಿಸಿ, ಒಳಗಿನ ಕಾಗದದ ನೆರಿಗೆಗಳನ್ನು ಬಿಡಿಸಿ ಬೆಳಕಿಗೆ ಹಿಡಿದರು. ಸಣ್ಣ ಸಣ್ಣ ಚೂರುಗಳು ಮಿನುಗುತ್ತಿದ್ದವು. ಅಯಸ್ಕಾಂತ ಹತ್ತಿರ ತಂದರೆ ಎದ್ದು ಬಂದು ಅಂಟಿಕೊಂಡವು. ಅಂದರೆ ಉಕ್ಕು. ಕ್ಯಾಮ್ ತಿಂದುಹೋಗುತ್ತಿತ್ತು. ಎಂಜಿನ್ ಇಳಿಸಿ ರಿಪೇರಿ ಮಾಡಿಸಿ, ವಿಮಾನ ಮಾರಿದೆ.

ಹಾಗಂತ ಪಾಲಿನಲ್ಲಿ ತಲೆನೋವು ಇಲ್ಲ ಅಂತಲ್ಲ. ಎಲ್ಲರೂ ಹೆದರಿಸುವುದು ಬುಕಿಂಗ್ ಜಗಳದ ಬಗ್ಗೆ. ನನಗೆ ಅದು ಕಾಡಲೇ ಇಲ್ಲ. ಕಾಡಿದ್ದು ಪೆಟ್ರೋಲ್ ಟ್ಯಾಂಕು.

ನಮ್ಮ ಒಪ್ಪಂದದಲ್ಲಿ ಒಂದು ಸಾಲಿತ್ತು: ಹಾರಿ ಬಂದವರು ಟ್ಯಾಂಕ್ ತುಂಬಿಸಿ ನಿಲ್ಲಿಸಬೇಕು. ಓದಲಿಕ್ಕೆ ಎಷ್ಟು ನ್ಯಾಯವಾಗಿದೆ ಅಲ್ವಾ? ಈಗ ತೂಕ ಹಾಕಿ. 172ಎಸ್ ನೆಲ ಬಿಡುವಾಗ ಇರಬಹುದಾದ ಗರಿಷ್ಠ ತೂಕ 1157 ಕೆಜಿ. ನಮ್ಮ ವಿಮಾನದ ಸ್ವಂತ ತೂಕ ಕಳೆದರೆ ಜನ, ಸಾಮಾನು, ಪೆಟ್ರೋಲು ಎಲ್ಲಾ ಸೇರಿ ಸುಮಾರು 390 ಕೆಜಿ ಹೊರಬಹುದು. ಟ್ಯಾಂಕ್ ತುಂಬಾ ಅಂದರೆ ಬಳಸಬಹುದಾದ ಪೆಟ್ರೋಲೇ 200 ಲೀಟರ್, ಹತ್ತಿರ ಹತ್ತಿರ 145 ಕೆಜಿ. ಉಳಿಯುವುದು 245. ಮೂವರು ದೊಡ್ಡವರು, ಒಂದೆರಡು ಸಣ್ಣ ಚೀಲ. ಅಷ್ಟೇ. ಸೀಟು ನಾಲ್ಕಿದೆ, ನಾಲ್ಕನೆಯವರಿಗೆ ಜಾಗ ಇಲ್ಲ.

ಉಳಿದ ಮೂವರು ಪಾಲುದಾರರು ಹಾರುವುದು ಒಬ್ಬರೇ, ಇಲ್ಲ ಇಬ್ಬರು. ಅವರಿಗೆ ತುಂಬಿದ ಟ್ಯಾಂಕ್ ಸ್ವರ್ಗ. ನಾನು ಮನೆಯವರನ್ನೆಲ್ಲ ಕರೆದುಕೊಂಡು ಹೋಗುವವನು. ರೆಕ್ಕೆ ಹತ್ತಿ ಮುಚ್ಚಳ ತೆಗೆದು ನೋಡಿದರೆ ನೀಲಿ ಪೆಟ್ರೋಲು ಬಾಯಿತನಕ ತುಳುಕುತ್ತಿರುತ್ತದೆ. ಕೆಳಗೆ ಮೂರೂ ಜನ ಚೀಲ ಹಿಡಿದು ನಿಂತಿರುತ್ತಾರೆ. ಹಾಕಿದ ಪೆಟ್ರೋಲನ್ನು ತೆಗೆಯುವುದು ಹಾಕಿದಷ್ಟು ಸುಲಭ ಅಲ್ಲ. ಹಾರುವ ಮುಂಚೆ ನೀರಿದೆಯಾ ನೋಡಲು ಅಂಗೈಯಷ್ಟು ಕಪ್ಪಿನಲ್ಲಿ ಹಿಡಿಯುತ್ತೇವಲ್ಲ, ಅದರಲ್ಲಿ 60, 70 ಲೀಟರ್ ಹೊರಗೆ ಹಾಕುವುದು ಆಗುವ ಮಾತಲ್ಲ. ಮೆಕ್ಯಾನಿಕ್ ಬರಬೇಕು, ಡ್ರಮ್ ಬೇಕು, ಅರ್ಥಿಂಗ್ ತಂತಿ ಕಟ್ಟಬೇಕು. ತೆಗೆದದ್ದನ್ನು ಪೆಟ್ರೋಲ್ ಹಾಕುವವರು ವಾಪಸ್ ತೆಗೆದುಕೊಳ್ಳುವುದಿಲ್ಲ. ಇನ್ನೊಂದು ದಾರಿ, ಒಬ್ಬನೇ ಒಂದೆರಡು ಗಂಟೆ ಸುತ್ತಿ ಪೆಟ್ರೋಲ್ ಸುಟ್ಟು ಬಂದು ಆಮೇಲೆ ಹತ್ತಿಸಿಕೊಳ್ಳುವುದು. ಅಷ್ಟರಲ್ಲಿ ಬಿಸಿಲೇರಿ ಗಾಳಿ ಕುಲುಕಲು ಶುರುವಾಗಿರುತ್ತದೆ, ಹಿಂದಿನ ಸೀಟಿನವರು ಮುಖ ಗಂಟು ಹಾಕಿಕೊಂಡಿರುತ್ತಾರೆ.

ಬದಲಾಯಿಸೋಣ ಅಂದಾಗ ಒಬ್ಬರು ಪಟ್ಟು ಹಿಡಿದರು. ಟ್ಯಾಂಕ್ ಅರ್ಧ ಖಾಲಿ ಇದ್ದರೆ ಒಳಗಿನ ಗಾಳಿಯ ತೇವ ನೀರಾಗಿ ಪೆಟ್ರೋಲಿಗೆ ಸೇರುತ್ತದೆ ಅನ್ನುವ ವಾದ. ವಾದದಲ್ಲಿ ಹುರುಳಿಲ್ಲ ಅಂತ ಹೇಳಲಾರೆ. ಆದರೆ ನೀರು ತಳಕ್ಕೆ ಇಳಿಯುತ್ತದೆ, ಅದನ್ನು ಹಿಡಿಯಲಿಕ್ಕೇ ಈ ವಿಮಾನಕ್ಕೆ 13 ಡ್ರೈನ್‌ಗಳಿವೆ. ರೆಕ್ಕೆಗೆ ಐದೈದು, ಹೊಟ್ಟೆಯ ಕೆಳಗೆ ಮೂರು. ಮೊಣಕೈತನಕ ಪೆಟ್ರೋಲ್ ಹರಿಸಿಕೊಂಡು ಎಲ್ಲವನ್ನೂ ನೋಡುವುದು ಹೇಗೂ ಇದ್ದದ್ದೇ. ಕೊನೆಗೆ ವಿಮಾನದಲ್ಲೇ ಉತ್ತರ ಇತ್ತು. ಟ್ಯಾಂಕಿನ ಬಾಯೊಳಗೆ ಒಂದು ಲೋಹದ ಪಟ್ಟಿ ಇದೆ, ಟ್ಯಾಬ್ ಅನ್ನುತ್ತಾರೆ. ಅದರ ಕೆಳ ಅಂಚಿನತನಕ ತುಂಬಿಸಿದರೆ ಎರಡೂ ಟ್ಯಾಂಕ್ ಸೇರಿ ಬಳಸಬಹುದಾದದ್ದು ಸುಮಾರು 132 ಲೀಟರ್. ಎರಡೂವರೆ ಗಂಟೆ ನಿಶ್ಚಿಂತೆಯಾಗಿ ಹಾರಬಹುದು, ಮೇಲೆ ಮೀಸಲು ಉಳಿಯುತ್ತದೆ. ಜನರ ಪಾಲಿಗೆ ಸುಮಾರು 295 ಕೆಜಿ ಸಿಗುತ್ತದೆ. ಈಗ ನಿಯಮ ಇದೇ: ಟ್ಯಾಬ್‌ತನಕ, ಅದಕ್ಕಿಂತ ಜಾಸ್ತಿ ಬೇಕಾದವರು ಹೊರಡುವಾಗ ಹಾಕಿಸಿಕೊಳ್ಳಲಿ. ಆ ಒಬ್ಬರು ಈಗಲೂ ಆಗಾಗ ‘ಮರೆತು’ ಪೂರ್ತಿ ತುಂಬಿಸಿಬಿಡುತ್ತಾರೆ. ಸ್ವಂತ ವಿಮಾನದಲ್ಲಿ ಈ ರಗಳೆ ಇರಲಿಲ್ಲ, ಒಪ್ಪಿಕೊಳ್ಳಲೇಬೇಕು.

ಬುಕಿಂಗ್ ವಿಷಯ. ವರ್ಷಕ್ಕೆ 8760 ಗಂಟೆ. ನಾವು ನಾಲ್ವರೂ ಸೇರಿ 200 ಹಾರಿದರೂ ಅದು ನೂರಕ್ಕೆ ಎರಡೂಕಾಲು ಭಾಗ. ಭಾನುವಾರ ಬೆಳಿಗ್ಗೆ ಮಾತ್ರ ಎಲ್ಲರಿಗೂ ಬೇಕು. ನನಗೆ ವಾರದ ಮಧ್ಯೆ ಬಿಡುವು ಸಿಗುತ್ತದೆ, ಹಾಗಾಗಿ ಆ ಗಲಾಟೆಗೆ ನಾನು ಹೋಗುವುದೇ ಇಲ್ಲ.

ಸೀಟು, ರೇಡಿಯೋ ಚಾನೆಲ್ಲು ಪ್ರತಿ ಸಲ ಸರಿಮಾಡಿಕೊಳ್ಳಬೇಕು. ಎರಡು ನಿಮಿಷದ ಕೆಲಸ.

ವಿಮೆಯವರು ನಾಲ್ಕೂ ಜನರ ಅನುಭವ ಕೇಳುತ್ತಾರೆ, ಕಮ್ಮಿ ಗಂಟೆ ಹಾರಿದವರನ್ನು ನೋಡಿ ಕಂತು ಏರಿಸುತ್ತಾರೆ. ಆದರೂ ನಾಲ್ಕು ಭಾಗ ಮಾಡಿದರೆ ಒಬ್ಬನೇ ಕಟ್ಟುತ್ತಿದ್ದುದಕ್ಕಿಂತ ಎಷ್ಟೋ ಹಗುರ.

ಮಾರುವಾಗ ಸ್ವಂತದ್ದು ಸಲೀಸು. ಗಿರಾಕಿ ಸಿಕ್ಕರೆ ಮುಗಿಯಿತು. ಪಾಲು ಮಾರಬೇಕಾದರೆ ಬರುವವನು ಉಳಿದ ಮೂವರಿಗೂ ಹಿಡಿಸಬೇಕು. ಇದಕ್ಕೆ ತಿಂಗಳುಗಟ್ಟಲೆ ಹಿಡಿಯಬಹುದು ಅಂತ ಲೆಕ್ಕ ಹಾಕಿಯೇ ಸೇರಬೇಕು.

ಇಷ್ಟಾದರೂ ಪಾಲೇ ಯಾಕೆ? ನನ್ನ ಹಾರಾಟ ಬೆಳಿಗ್ಗೆ ಹೋಗಿ ಮಧ್ಯಾಹ್ನದೊಳಗೆ ಬರುವಂಥದ್ದು. ವಿಮಾನವನ್ನು ಬೇರೆ ಊರಲ್ಲಿ ರಾತ್ರಿ ನಿಲ್ಲಿಸುವುದು ಅಪರೂಪ. ಕೆಲಸ ಜಾಸ್ತಿಯಾದ ತಿಂಗಳು ಹಾರುವುದೇ ಇಲ್ಲ, ಆಗಲೂ ಬೇರೆ ಮೂವರು ಎಂಜಿನ್ ಬೆಚ್ಚಗಿಡುತ್ತಾರೆ. ದೊಡ್ಡ ರಿಪೇರಿ ಬಂದರೆ ಕಾಲು ಭಾಗ ಕೊಡುವ ಶಕ್ತಿ ನನಗಿದೆ, ಪೂರ್ತಿ ಕೊಟ್ಟರೆ ಕೈ ಸುಡುತ್ತದೆ. ನೀವು ವರ್ಷಕ್ಕೆ 150 ಗಂಟೆ ದಾಟುವವರಾದರೆ, ವಿಮಾನ ತೆಗೆದುಕೊಂಡು ಹೋಗಿ ವಾರಗಟ್ಟಲೆ ಅಲ್ಲೇ ಇರುವವರಾದರೆ, ಸ್ವಂತದ್ದೇ ಇರಲಿ. ಅಂಥವರು ಪಾಲಿಗೆ ಬಂದರೆ ಉಳಿದವರಿಗೇ ಕಷ್ಟ.

ಪಾಲು ಕೊಳ್ಳಲು ಹೊರಟರೆ ವಿಮಾನದ ಬಣ್ಣ, ಹೊಸ ಸ್ಕ್ರೀನು ಆಮೇಲೆ ನೋಡಿ. ಮೊದಲು ಎಂಜಿನ್ ನಿಧಿಯ, ಅಂದರೆ ಓವರ್‌ಹಾಲ್‌ಗೆ ಅಂತ ಪಾಲುದಾರರೆಲ್ಲ ಸೇರಿ ಕೂಡಿಡುವ ದುಡ್ಡಿನ, ಬ್ಯಾಂಕ್ ಪಾಸ್‌ಬುಕ್ ಕೇಳಿ. ಎಂಜಿನ್ 1500 ಗಂಟೆ ಓಡಿದ್ದು ನಿಧಿಯಲ್ಲಿ ಓವರ್‌ಹಾಲ್ ಖರ್ಚಿನ ಮುಕ್ಕಾಲು ಭಾಗ ಇಲ್ಲದಿದ್ದರೆ, ಆ ಕೊರತೆಯಲ್ಲಿ ನಿಮ್ಮ ಪಾಲನ್ನು ಬೆಲೆಯಿಂದ ಕಳೆದು ಮಾತಾಡಿ. ಹಾಗೇ ಟ್ಯಾಂಕ್ ಎಲ್ಲಿಯವರೆಗೆ ತುಂಬಿಸುತ್ತಾರೆ ಅಂತಲೂ ಕೇಳಿಬಿಡಿ.