ಇಳಿಜಾರಿನಲ್ಲಿ ನಡೆದು ನೋಡಿ ತಗೊಂಡ ವಾಕಿಂಗ್ ಶೂ: ನಾಲ್ಕು ತಿಂಗಳ ಮೇಲೆ

ಮಡಿಕೇರಿಯಲ್ಲಿ ಸಮತಟ್ಟಾದ ರಸ್ತೆ ಎಲ್ಲಿದೆ ಹೇಳಿ? ಗೇಟು ದಾಟಿದರೆ ಒಂದೋ ಏರು, ಇಲ್ಲಾ ಇಳಿಜಾರು. ಪಾರ್ಕಿನಲ್ಲಿ ಸುತ್ತು ಹಾಕುವವರಿಗೆ ಚೆನ್ನಾಗಿರುವ ಶೂ ನಮಗೂ ಸರಿಹೋಗುತ್ತದೆ ಅಂತ ಇಲ್ಲ. ಇದು ನನಗೆ ಗೊತ್ತಾಗಿದ್ದು ಎರಡು ಉಗುರು ಕಳೆದುಕೊಂಡ ಮೇಲೆ.

ಹೋದ ವರ್ಷ ಆನ್‌ಲೈನ್‌ನಲ್ಲಿ ಒಂದು ಜೋಡಿ ತರಿಸಿದ್ದೆ. ಯಾವಾಗಲೂ ಹಾಕುವ 5ನೇ ನಂಬರ್. ಮನೆಯೊಳಗೆ ಹಾಕಿ ನೋಡಿದರೆ ಮೆತ್ತಗೆ, ಹಗುರ. ರಾಜಾಸೀಟ್‌ಗೆ ಹತ್ತುವಾಗಲೂ ಏನೂ ಅನ್ನಿಸಲಿಲ್ಲ. ವಾಪಸ್ ಇಳಿಯುವಾಗ ಮಾತ್ರ ಪಾದ ಮುಂದಕ್ಕೆ ಜಾರಿ ಹೆಬ್ಬೆರಳು ಶೂ ತುದಿಗೆ ಬಡಿಯುತ್ತಿತ್ತು, ಹಾಕ್ತಾ ಹಾಕ್ತಾ ಸಡಿಲ ಆಗುತ್ತದೆ ಅಂತ ಸುಮ್ನೆ ಮೂರು ವಾರ ನಡೆದೆ, ಎರಡೂ ಹೆಬ್ಬೆರಳಿನ ಉಗುರು ಕಪ್ಪಾಗಿ ಆಮೇಲೆ ಬಿದ್ದೇ ಹೋಯಿತು. ದಯವಿಟ್ಟು ಯಾರೂ ಹಾಗೆ ಕಾಯಬೇಡಿ. ಮೊದಲ ದಿನ ಕಚ್ಚುವ ಶೂ ಆಮೇಲೂ ಕಚ್ಚುತ್ತದೆ.

ಈ ಸಲ ಮಾರ್ಕೆಟ್ ಕಡೆ ಇಳಿಯುವ ರಸ್ತೆಯಲ್ಲಿರುವ ಒಂದು ಸಣ್ಣ ಅಂಗಡಿಗೆ ಹೋದೆ. ಬೆಳಿಗ್ಗೆ ಹೋಗಿದ್ದಕ್ಕೆ ಅಂಗಡಿಯವರು, "ಅಕ್ಕಾ, ಸಂಜೆ ಬನ್ನಿ. ಹಳೇ ಶೂ, ವಾಕಿಂಗ್‌ಗೆ ಹಾಕುವ ಸಾಕ್ಸ್ ಎರಡೂ ತನ್ನಿ" ಅಂದರು. ದಿನವಿಡೀ ಓಡಾಡಿದರೆ ಪಾದ ಸ್ವಲ್ಪ ಊದಿಕೊಳ್ಳುತ್ತದೆ, ಅಳತೆ ಆಗಲೇ ತೆಗೆಯಬೇಕಂತೆ. ವ್ಯಾಪಾರ ಬಿಟ್ಟು ವಾಪಸ್ ಕಳಿಸುವ ಅಂಗಡಿ ಈಗ ಎಷ್ಟಿವೆ?

ಸಂಜೆ ಅವರು ಮೊದಲು ಮಾಡಿದ್ದು ಹಳೇ ಶೂ ತಿರುಗಿಸಿ ಸೋಲ್ ನೋಡಿದ್ದು. ಹಿಮ್ಮಡಿಯ ಹೊರ ಅಂಚು ಸವೆದಿತ್ತು, ಬಲಗಾಲಿನದು ಜಾಸ್ತಿ. ಎರಡೂ ಪಾದ ಅಳೆದಾಗ ಬಲಗಾಲೇ ಸ್ವಲ್ಪ ಉದ್ದ. ದೊಡ್ಡ ಕಾಲಿಗೆ ಸರಿಯಾಗಿ 6ನೇ ನಂಬರ್ ಕೊಟ್ಟರು. ನಿಂತಾಗ ಉದ್ದನೆಯ ಬೆರಳಿನ ಮುಂದೆ ಒಂದು ಹೆಬ್ಬೆರಳಿನ ಅಗಲ ಜಾಗ ಇರಬೇಕು, ಕಿರುಬೆರಳು ಒತ್ತಬಾರದು, ಹಿಮ್ಮಡಿ ಮೇಲೆ ಕೆಳಗೆ ಆಡಬಾರದು. ಶೂವನ್ನು ಕೈಯಲ್ಲಿ ಹಿಡಿದು ಬಗ್ಗಿಸಿ ತೋರಿಸಿದರು. ಬೆರಳು ಮಡಚುವ ಕಡೆಯೇ ಬಗ್ಗಬೇಕು, ಮಧ್ಯದಲ್ಲಿ ಮಡಚಿಕೊಂಡರೆ ಅದು ನಡೆಯುವುದಕ್ಕಲ್ಲ.

ಅದಾದ ಮೇಲೆ "ಹೊರಗೆ ರಸ್ತೆಯಲ್ಲಿ ಇಳಿದು ಬನ್ನಿ" ಅಂದರು. ದುಡ್ಡು ಕೊಡುವ ಮೊದಲೇ! ನಾಲ್ಕು ಅಂಗಡಿ ದಾಟುವಷ್ಟು ಇಳಿದೆ, ಬೆರಳು ಸ್ವಲ್ಪ ಮುಂದೆ ಹೋದ ಹಾಗನ್ನಿಸಿತು. ವಾಪಸ್ ಬಂದು ಹೇಳಿದರೆ, ಎಲ್ಲರೂ ಖಾಲಿ ಬಿಡುವ ಆ ಕೊನೆಯ ತೂತಿಗೆ ಲೇಸನ್ನು ಹೊರಗಿನಿಂದ ಒಳಕ್ಕೆ ಹಾಕಿ ಎರಡೂ ಕಡೆ ಸಣ್ಣ ಕುಣಿಕೆ ಮಾಡಿದರು, ಲೇಸಿನ ತುದಿಗಳನ್ನು ಎದುರು ಕುಣಿಕೆಯೊಳಗೆ ತೂರಿಸಿ ಕೆಳಕ್ಕೆ ಎಳೆದು ಕಟ್ಟಿದರು. ಹಿಮ್ಮಡಿ ಅಲ್ಲೇ ಕೂತಿತು. ಮತ್ತೆ ಇಳಿದೆ, ಬೆರಳು ತಾಗಲಿಲ್ಲ. ಅಷ್ಟು ಸಣ್ಣ ಕೆಲಸ, ಇಷ್ಟು ವರ್ಷ ಯಾರೂ ಹೇಳಿರಲಿಲ್ಲ.

2,400 ರೂಪಾಯಿ ಆಯಿತು. ನಾಲ್ಕು ತಿಂಗಳಿಂದ ದಿನಾ ಸುಮಾರು 4 ಕಿ.ಮೀ. ನಡೆಯುತ್ತಿದ್ದೇನೆ, ಒಂದು ಗುಳ್ಳೆಯೂ ಎದ್ದಿಲ್ಲ. ಉಗುರು ಪೂರ್ತಿ ಬೆಳೆದಿಲ್ಲ, ಬೆಳೆಯುತ್ತಿದೆ.

ಕೊರತೆಯೂ ಇದೆ. ಮೇಲ್ಗಡೆ ಜಾಲರಿ ಬಟ್ಟೆ, ಬಿಸಿಲಿಗೆ ಚೆಂದ, ಕಕ್ಕಡದ (ಜುಲೈ-ಆಗಸ್ಟ್ ಹೊತ್ತಿನ ಕೊಡವ ತಿಂಗಳು) ಮಳೆಗೆ ಐದೇ ನಿಮಿಷಕ್ಕೆ ಸಾಕ್ಸ್ ತೊಪ್ಪೆ. ಒಣಗುವುದಕ್ಕೆ ಎರಡು ದಿನ ಬೇಕು. ಇನ್‌ಸೋಲ್ ತೆಗೆದು ಒಳಗೆ ಪೇಪರ್ ತುರುಕಿ ಇಡುತ್ತೇನೆ, ಒಲೆ ಹತ್ತಿರ ಇಟ್ಟರೆ ಸೋಲಿನ ಅಂಟು ಬಿಡುತ್ತದೆ. ಪಾಚಿ ಕಟ್ಟಿದ ಕಲ್ಲಿನ ಮೇಲಂತೂ ಹಿಡಿತ ಇಲ್ಲವೇ ಇಲ್ಲ, ತೋಟದ ದಾರಿಗೆ ಇದನ್ನು ಹಾಕಬೇಡಿ. ಮತ್ತೆ ಇಂಥ ಶೂ 500ರಿಂದ 800 ಕಿ.ಮೀ. ಆದ ಮೇಲೆ ಒಳಗಿನ ಫೋಮ್ ಕುಸಿಯುತ್ತದೆ ಅನ್ನುತ್ತಾರೆ. ನನ್ನ ಲೆಕ್ಕದಲ್ಲಿ ಇನ್ನು ಎರಡು ತಿಂಗಳು. ಮುಂದಿನ ಜೋಡಿಗೂ ಅದೇ ಅಂಗಡಿಗೆ, ಸಂಜೆ ಐದರ ಮೇಲೆ ಹೋಗುತ್ತೇನೆ.