ಮನೆಯಲ್ಲಿ ಉಪ್ಪುನೀರಿನ ಟ್ಯಾಂಕ್: ಚಿಲ್ಲರಾ ಫ್ಯಾನಾ, ಟ್ಯೂಬಾ ಎಲ್‌ಇಡಿನಾ?

ಮುರ್ಡೇಶ್ವರದಿಂದ ದೋಣಿಯಲ್ಲಿ ಹೋಗಿ ನೇತ್ರಾಣಿ ದ್ವೀಪದಲ್ಲಿ ನೀರಿಗಿಳಿದವರು ಗಮನಿಸಿರುತ್ತೀರಿ. ಅಲ್ಲಿ ಕಲ್ಲುಗಳು ಸಾಲಾಗಿ ನಿಂತಿರುವುದಿಲ್ಲ. ಒಂದು ಕಡೆ ದೊಡ್ಡ ಬಂಡೆ, ಅದರ ಮಗ್ಗುಲಲ್ಲಿ ನಾಲ್ಕಾರು ಚಿಕ್ಕವು, ಆಮೇಲೆ ಸುಮ್ನೆ ಮರಳು. ಬಂಡೆಯ ಕೆಳಗೆ ನೆರಳು. ಮನೆಯಲ್ಲಿ ಉಪ್ಪುನೀರಿನ ಟ್ಯಾಂಕ್ ಇಡುವವರು ಹೆಚ್ಚಾಗಿ ಇದಕ್ಕೆ ತದ್ವಿರುದ್ಧ ಮಾಡುತ್ತಾರೆ. ಗಾಜಿನ ಅಂಚಿನವರೆಗೂ ಕಲ್ಲು ಪೇರಿಸುತ್ತಾರೆ, ಮೂಲೆ ಮೂಲೆಗೂ ಬೆಳಕು ಬಿಡುತ್ತಾರೆ. ಕಲ್ಲು ಜಾಸ್ತಿಯಾದಷ್ಟೂ ನೀರು ಹರಿಸಲು ಪಂಪ್ ಜಾಸ್ತಿ ಬೇಕು. ಪಂಪ್, ಬೆಳಕು ಜಾಸ್ತಿಯಾದಷ್ಟೂ ನೀರು ಬಿಸಿಯಾಗುತ್ತದೆ. ಅದನ್ನು ತಣ್ಣಗೆ ಮಾಡಲು ಇನ್ನೊಂದು ಯಂತ್ರ. ಸಹಜವಾಗಿ ಕಾಣುವ ಟ್ಯಾಂಕೇ ಕರೆಂಟನ್ನೂ ಕಡಿಮೆ ಎಳೆಯುತ್ತದೆ ಅನ್ನುವುದು ಕರೆಂಟು ಜಾಸ್ತಿ ಎಳೆಯುವ, ಕಡಿಮೆ ಎಳೆಯುವ ಎರಡೂ ಬಗೆಯ ಸಾಮಾನು ಬಳಸಿ ನೋಡಿದ ಮೇಲೆ ನನಗೆ ಗಟ್ಟಿಯಾದ ಮಾತು.

ನಮ್ಮದು ಬೆಂಗಳೂರಿನ ಫ್ಲಾಟ್. ಟ್ಯಾಂಕ್ 90 ಸೆಂ.ಮೀ. ಉದ್ದ, 45 ಅಗಲ, 45 ಎತ್ತರ. ಸುಮಾರು 180 ಲೀಟರ್ ಹಿಡಿಯುತ್ತದೆ. ಇದೇ ಅಳತೆಯದು ಮಂಗಳೂರಿನಲ್ಲಿ ಅಕ್ಕನ ಮನೆಯಲ್ಲೂ ಇದೆ. ಹಾಗಾಗಿ ಒಂದೇ ಸಾಮಾನು ಎರಡು ಊರಿನ ಹವೆಯಲ್ಲಿ ಹೇಗೆ ನಡೆಯುತ್ತದೆ ಅಂತ ನೋಡಲು ಸಿಕ್ಕಿತು. ಪ್ರತಿಯೊಂದನ್ನೂ ಪ್ಲಗ್ ಮೀಟರಿಗೆ ಹಾಕಿ ಅಳೆದೆವು. ಇಪ್ಪತ್ನಾಲ್ಕು ಗಂಟೆಯೂ ಓಡುವ ಸಾಮಾನಿಗೆ ಒಂದು ಲೆಕ್ಕ ನೆನಪಿಟ್ಟುಕೊಳ್ಳಿ: ಪ್ರತಿ 10 ವ್ಯಾಟ್‌ಗೆ ತಿಂಗಳಿಗೆ 7.2 ಯೂನಿಟ್. ಡಬ್ಬದ ಮೇಲಿನ ವ್ಯಾಟ್ ನೋಡಿ ಅಂಗಡಿಯಲ್ಲೇ ಬಿಲ್ ಅಂದಾಜು ಮಾಡಬಹುದು.

ಮೊದಲು ತಂಪಿನ ವಿಷಯ. ಬೇಸಗೆಯ ಬಿಲ್ಲಿನಲ್ಲಿ ದೊಡ್ಡ ಪಾಲು ಇದರದೇ. ನೀರು 25ರಿಂದ 27 ಡಿಗ್ರಿ ಇರಬೇಕು. ಏಪ್ರಿಲ್‌ನಲ್ಲಿ ಹಾಗೇ ಬಿಟ್ಟರೆ ನಮ್ಮಲ್ಲಿ 30 ಮುಟ್ಟುತ್ತದೆ. ಚಿಲ್ಲರ್ ಅಂದರೆ ನೀರು ತಣ್ಣಗೆ ಮಾಡುವ ಯಂತ್ರ. ಹತ್ತರಲ್ಲಿ ಒಂದು ಎಚ್‌ಪಿಯದು ಓಡುವಾಗ 170 ವ್ಯಾಟ್ ಎಳೆಯಿತು. ದಿನಕ್ಕೆ ಹತ್ತು ಗಂಟೆ ಓಡಿದರೆ ತಿಂಗಳಿಗೆ 51 ಯೂನಿಟ್. ಕೆಲಸ ಮಾತ್ರ ಪಕ್ಕಾ, 26 ಅಂದರೆ 26. ಆದರೆ ನೀರಿನಿಂದ ತೆಗೆದ ಶಾಖವನ್ನು ಅದು ಹಾಲ್‌ಗೇ ಊದುತ್ತದೆ. ಕ್ಯಾಬಿನೆಟ್ ಒಳಗೆ ಮುಚ್ಚಿಟ್ಟರಂತೂ ತಾನು ಬಿಟ್ಟ ಬಿಸಿಗಾಳಿಯನ್ನೇ ಮತ್ತೆ ಎಳೆದುಕೊಂಡು ಇನ್ನಷ್ಟು ಹೊತ್ತು ಓಡುತ್ತದೆ. ಸದ್ದು ಬೇರೆ.

ಅದರ ಜಾಗದಲ್ಲಿ ಕಂಪ್ಯೂಟರಿಗೆ ಹಾಕುವಂಥ 12 ಸೆಂ.ಮೀ. ಫ್ಯಾನ್ ಎರಡು ಹಾಕಿದೆವು. ಗಾಳಿ ನೀರಿನ ಮೇಲೆ ಓರೆಯಾಗಿ ಬೀಳುವ ಹಾಗೆ ಅಂಚಿಗೆ ಸಿಕ್ಕಿಸಿ, ತಾಪಮಾನ ನೋಡಿ ತಾನೇ ಆನ್ ಆಫ್ ಆಗುವ ಕಂಟ್ರೋಲರ್ ಜೋಡಿಸಿದೆವು. ಎರಡೂ ಸೇರಿ 10 ವ್ಯಾಟ್. ನೀರು ಮೂರು ಡಿಗ್ರಿ ಇಳಿಯಿತು. ಕಾರಣ ಸರಳ. ಒಂದು ಲೀಟರ್ ನೀರು ಆವಿಯಾಗುವಾಗ ಸುಮಾರು 0.67 ಯೂನಿಟ್‌ನಷ್ಟು ಶಾಖವನ್ನು ಹೊತ್ತೊಯ್ಯುತ್ತದೆ. ಬೆಂಗಳೂರಿನ ಬೇಸಗೆಯ ಒಣಗಾಳಿಗೆ ಈ ಕೆಲಸ ಸಲೀಸು. ದಿನಕ್ಕೆ ಅರ್ಧ ಹೊತ್ತು ಓಡಿದರೂ ತಿಂಗಳಿಗೆ 4 ಯೂನಿಟ್ ದಾಟುವುದಿಲ್ಲ.

ಇದಕ್ಕೆ ತೆರಬೇಕಾದ ಬೆಲೆ ನೀರಿನದು. ಬಿಸಿಲು ಜೋರಾದ ದಿನ ನಾಲ್ಕು ಲೀಟರ್ ಹೋಗುತ್ತದೆ. ಹೋಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. ಗಾಜಿನ ಮೇಲಂಚಿನಲ್ಲಿ, ಫ್ಯಾನ್ ರೆಕ್ಕೆಯ ಬುಡದಲ್ಲಿ ಬಿಳಿ ಪುಡಿ ಕಟ್ಟುವುದು ಕಾಣುತ್ತದೆ. ಬೆರಳಲ್ಲಿ ಒತ್ತಿದರೆ ಪುಡಿಪುಡಿಯಾಗಿ ಉದುರುತ್ತದೆ. ವಾರಕ್ಕೊಮ್ಮೆ ಒದ್ದೆ ಬಟ್ಟೆಯಲ್ಲಿ ಒರೆಸದಿದ್ದರೆ ಫ್ಯಾನ್ ಬೇಗ ಹಾಳು. ಇಳಿದಷ್ಟು ನೀರನ್ನು ಉಪ್ಪಿಲ್ಲದ ಆರ್‌ಓ ನೀರಿನಿಂದಲೇ ತುಂಬಬೇಕು. ಇಲ್ಲದಿದ್ದರೆ ಸಿಹಿನೀರಿಗೆ ಹೋಲಿಸಿದರೆ 1.025 ಇರುವ ನೀರಿನ ಸಾಂದ್ರತೆ ಎರಡೇ ದಿನದಲ್ಲಿ ಏರಿಬಿಡುತ್ತದೆ. ಮಟ್ಟ ಇಳಿದ ಕೂಡಲೇ ತಾನೇ ನೀರು ಬಿಡುವ ಫ್ಲೋಟ್ ಸ್ವಿಚ್, ಚಿಕ್ಕ ಪಂಪ್ ಹಾಕಿಕೊಂಡರೆ ನಿಶ್ಚಿಂತೆ. ಫ್ಯಾನ್ ಕೊಳ್ಳುವ ದಿನವೇ ಇದನ್ನೂ ಕೊಳ್ಳಿ.

ಮಂಗಳೂರಿನಲ್ಲಿ ಕಥೆ ಬೇರೆ. ಮೇ ತಿಂಗಳಲ್ಲಿ ಅಲ್ಲಿನ ಗಾಳಿಯಲ್ಲಿ ಆಗಲೇ ತೇವ ತುಂಬಿರುತ್ತದೆ, ಅದು ಇನ್ನೆಷ್ಟು ಆವಿ ಹಿಡಿದೀತು? ಅದೇ ಫ್ಯಾನ್ ಹಗಲೆಲ್ಲ ಓಡಿದರೂ ಒಂದು ಡಿಗ್ರಿ ಇಳಿಯುವುದೇ ಕಷ್ಟವಾಯಿತು. ಕೊನೆಗೆ ಅಕ್ಕ ಚಿಲ್ಲರ್ ಹಾಕಿಸಿದಳು. ಆದರೆ ಹಾಲ್‌ನಲ್ಲಿ ಅಲ್ಲ, ಗೋಡೆಯಲ್ಲಿ ಪೈಪ್ ತೂರಿಸಿ ಹಿಂದಿನ ಜಗಲಿಯಲ್ಲಿ. ಬಿಸಿಗಾಳಿ ಹೊರಗೇ ಹೋಗುವುದರಿಂದ ಓಡುವ ಹೊತ್ತು ಕಡಿಮೆಯಾಯಿತು. ಕರಾವಳಿಯವರಿಗೆ ನನ್ನ ಮಾತು ಇಷ್ಟೇ: ಫ್ಯಾನ್‌ಗೆ ದುಡ್ಡು ಹಾಕಬೇಡಿ, ಚಿಲ್ಲರ್ ಇಡುವ ಜಾಗದ ಬಗ್ಗೆ ಯೋಚಿಸಿ.

ಬೆಳಕಿನಲ್ಲಿ ಟಿ5 ಅನ್ನುವ ತೆಳ್ಳನೆಯ ಟ್ಯೂಬ್‌ಲೈಟ್ ಮತ್ತು ಎಲ್‌ಇಡಿ ಎರಡನ್ನೂ ಇಟ್ಟುಕೊಂಡಿದ್ದೆವು. 39 ವ್ಯಾಟ್‌ನ ನಾಲ್ಕು ಟ್ಯೂಬ್, ದಿನಕ್ಕೆ ಒಂಬತ್ತು ಗಂಟೆ: ತಿಂಗಳಿಗೆ 42 ಯೂನಿಟ್. 70 ವ್ಯಾಟ್ ಎಲ್‌ಇಡಿ ಅಷ್ಟೇ ಹೊತ್ತು ಉರಿದರೆ 19. ಟ್ಯೂಬ್‌ಗಳನ್ನು ವರ್ಷಕ್ಕೊಮ್ಮೆಯಾದರೂ ಬದಲಿಸಬೇಕು, ಉರಿಯುತ್ತಿದ್ದರೂ ಬೆಳಕಿನ ಬಣ್ಣ ಕೆಟ್ಟಿರುತ್ತದೆ. ಟ್ಯೂಬ್ ಪರವಾಗಿ ಒಂದು ಮಾತು ಹೇಳಲೇಬೇಕು: ಬೆಳಕು ಎಲ್ಲ ಕಡೆ ಒಂದೇ ಸಮ ಹರಡುತ್ತದೆ. ಆದರೆ ನನಗೆ ಬೇಕಿದ್ದುದು ಅದಲ್ಲ. ಎಲ್‌ಇಡಿ ಕೆಳಗೆ ನೀರಿನ ಅಲೆ ಮರಳಿನ ಮೇಲೆ ಬೆಳಕಿನ ಗೆರೆಗಳಾಗಿ ಓಡಾಡುತ್ತದೆ, ಬಂಡೆಯ ಕೆಳಗೆ ನಿಜವಾದ ನೆರಳು ಬೀಳುತ್ತದೆ. ಟ್ಯೂಬ್‌ನಲ್ಲಿ ಇದು ಬರುವುದೇ ಇಲ್ಲ. ಒಂದೇ ಎಚ್ಚರ: ಅಂಗಡಿಯವರು ಇಡುವ ಹಾಗೆ ಪೂರ್ತಿ ನೀಲಿ ಇಡಬೇಡಿ. ನಮ್ಮ ಕರಾವಳಿಯ ಆಳವಿಲ್ಲದ ನೀರು ಹಾಗೆ ಕಾಣುವುದಿಲ್ಲ. ಬಿಳಿ ಹೆಚ್ಚಿಸಿ, ನೀಲಿ ಸ್ವಲ್ಪ ತಗ್ಗಿಸಿ ನೋಡಿ. ಮೀನಿನ ಬಣ್ಣ ಆಗ ಸರಿಯಾಗಿ ಕಾಣುತ್ತದೆ.

ಪಂಪ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕೆಳಗಿನ ಫಿಲ್ಟರ್ ಟ್ಯಾಂಕಿನಿಂದ ನೀರು ಮೇಲೆತ್ತಲು ಎಸಿ ಪಂಪ್ 45 ವ್ಯಾಟ್ ಎಳೆದರೆ ಡಿಸಿ ಪಂಪ್ ಅಷ್ಟೇ ನೀರನ್ನು 22 ವ್ಯಾಟ್‌ನಲ್ಲಿ ಎತ್ತಿತು. ತಿಂಗಳಿಗೆ 32ರ ಬದಲು 16 ಯೂನಿಟ್. ಬೆಲೆ ದುಬಾರಿ, ಆದರೆ ಸದ್ದಿಲ್ಲ, ವೇಗ ಕಡಿಮೆ ಮಾಡಬಹುದು. ಟ್ಯಾಂಕಿನ ನೀರು ಗಂಟೆಗೆ ಮೂರರಿಂದ ಐದು ಸಲ ಕೆಳಗೆ ಹೋಗಿ ಬಂದರೆ ಸಾಕು. ಅಲೆ ಎಬ್ಬಿಸುವ ಕೆಲಸ ವೇವ್‌ಮೇಕರಿಗೆ ಬಿಡಿ. ಕಲ್ಲು ಕಡಿಮೆ ಇದ್ದರೆ 7 ವ್ಯಾಟ್‌ನವು ಎರಡು ಸಾಕಾಗುತ್ತವೆ.

ಫಿಲ್ಟರಿನಲ್ಲಿ ನನಗೆ ನಿಜಕ್ಕೂ ಖುಷಿ ಕೊಟ್ಟದ್ದು ಪಾಚಿ. ನೊರೆ ಎಬ್ಬಿಸಿ ನೀರಿನ ಕೊಳೆ ತೆಗೆಯುವ ಸ್ಕಿಮ್ಮರ್ 15 ವ್ಯಾಟ್‌ನಲ್ಲಿ ಹಗಲು ರಾತ್ರಿ ಓಡಿ 11 ಯೂನಿಟ್ ತೆಗೆದುಕೊಳ್ಳುತ್ತದೆ. ಅದರ ಕಪ್ಪಿನಲ್ಲಿ ಸೇರುವ ಕಡುಕಂದು ನೀರಿನ ವಾಸನೆ ಸುರಿದವರಿಗೇ ಗೊತ್ತು. ಪಾಚಿಗೆ ಬೇಕಾದದ್ದು 12 ವ್ಯಾಟ್ ದೀಪ, ಅದೂ ರಾತ್ರಿಯ ಹೊತ್ತು ಹನ್ನೆರಡು ಗಂಟೆ ಕಾಲ, ಅಂದರೆ 4 ಯೂನಿಟ್ ಚಿಲ್ಲರೆ. ನಾವು ಬೆಳೆಸಿದ್ದು ಕೀಟೊಮಾರ್ಫಾ, ಹಸಿರು ನೈಲಾನ್ ದಾರದ ಸಿಕ್ಕಿನಂತಿರುತ್ತದೆ. ಮೀನಿನ ಗಲೀಜಿನಿಂದ ಹುಟ್ಟುವ ನೈಟ್ರೇಟ್, ಫಾಸ್ಫೇಟ್ ತಿಂದು ಬೆಳೆಯುತ್ತದೆ. ಒಂದು ಹಿಡಿ ಕಿತ್ತು ಹೊರಗೆ ಹಾಕಿದರೆ ಅಷ್ಟು ಕೊಳೆ ಹೊರಗೆ ಹೋದ ಹಾಗೆ. ಕಿಟಕಿ ಮುಚ್ಚಿದ ಫ್ಲಾಟಿನಲ್ಲಿ ರಾತ್ರಿ ಕಾರ್ಬನ್ ಡೈಆಕ್ಸೈಡ್ ಸೇರಿ ನೀರಿನ ಪಿಎಚ್ ಇಳಿಯುತ್ತದೆ. ರಾತ್ರಿ ದೀಪದಲ್ಲಿ ಬೆಳೆಯುವ ಪಾಚಿ ಅದನ್ನು ಹೀರಿಕೊಂಡು ಪಿಎಚ್ ಬೀಳದ ಹಾಗೆ ನೋಡಿಕೊಳ್ಳುತ್ತದೆ. ಕಾಲೆರ್ಪಾ ಜಾತಿ ಮಾತ್ರ ಬೇಡ. ಅದು ಒಮ್ಮೊಮ್ಮೆ ಇದ್ದಕ್ಕಿದ್ದ ಹಾಗೆ ಕರಗಿ, ಹೀರಿಟ್ಟದ್ದನ್ನೆಲ್ಲ ವಾಪಸ್ ನೀರಿಗೆ ಬಿಡುತ್ತದೆ. ಮೀನು ಜಾಸ್ತಿ ಇದ್ದರೆ ಸ್ಕಿಮ್ಮರ್ ಬೇಕೇ ಬೇಕು. ಕಡಿಮೆ ಇದ್ದರೆ ಪಾಚಿಯೇ ಸಾಕು.

ಬೇಸಗೆಯ ಒಂದು ತಿಂಗಳು ಕೂಡಿ ನೋಡಿ. ಟ್ಯೂಬ್, ಎಸಿ ಪಂಪ್, ಸ್ಕಿಮ್ಮರ್, ಚಿಲ್ಲರ್, ವೇವ್‌ಮೇಕರ್ ಸೇರಿ 146 ಯೂನಿಟ್. ಎಲ್‌ಇಡಿ, ಡಿಸಿ ಪಂಪ್, ಪಾಚಿ, ಫ್ಯಾನ್, ಅದೇ ವೇವ್‌ಮೇಕರ್ ಆದರೆ 53. ಗೃಹಜ್ಯೋತಿ ಇರುವ ಮನೆಗೆ ಇದು ಸಣ್ಣ ವ್ಯತ್ಯಾಸವಲ್ಲ. ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು, ಅಲ್ವಾ? ಆದರೆ ಡಿಸೆಂಬರ್‌ನಲ್ಲಿ ಲೆಕ್ಕ ಸ್ವಲ್ಪ ತಿರುಗುತ್ತದೆ. ಹಳೆಯ ಸಾಮಾನಿನ ಬಿಸಿಯೇ ನೀರನ್ನು ಬೆಚ್ಚಗಿಡುತ್ತಿತ್ತು. ಈಗ ರಾತ್ರಿ ಹೀಟರ್ ಓಡುತ್ತದೆ. ಹಿಂಬದಿಗೆ ಥರ್ಮಾಕೋಲ್ ಹಾಳೆ ಅಂಟಿಸಿ, ರಾತ್ರಿ ಮೇಲೆ ಗಾಜು ಮುಚ್ಚಿದರೆ ಅದು ಓಡುವ ಹೊತ್ತು ಕಡಿಮೆಯಾಗುತ್ತದೆ.

ಕಲ್ಲಿಗೆ ಬರೋಣ. ಸಮುದ್ರದಿಂದ ತೆಗೆದ ಹವಳದ ಕಲ್ಲು, ಜೀವಂತ ಗಟ್ಟಿ ಹವಳ ಯಾರು ಕೊಟ್ಟರೂ ತೆಗೆದುಕೊಳ್ಳಬೇಡಿ. ದಿಬ್ಬ ಕಟ್ಟುವ ಹವಳಗಳೆಲ್ಲ 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿವೆ, ಹುಲಿ ಇರುವ ಪಟ್ಟಿಯಲ್ಲೇ. ಕಾಯ್ದೆ ಇರಲಿ ಬಿಡಲಿ, ಹಾಲ್‌ನ ಅಂದಕ್ಕೆ ಹವಳ ಕೀಳುವುದು ನನಗೆ ಒಪ್ಪದ ವಿಷಯ. ರಂಧ್ರಗಳಿರುವ ಕೃತಕ ಸೆರಾಮಿಕ್ ಕಲ್ಲು ಸಿಗುತ್ತದೆ. ಗಲೀಜಿನ ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾ ಅದರಲ್ಲಿ ನೆಲೆಯಾಗಲು ನಾಲ್ಕರಿಂದ ಆರು ವಾರ ಬೇಕು, ಅಮೋನಿಯಾ ಸೊನ್ನೆ ಆಗುವವರೆಗೆ ಮೀನು ಬೇಡ. ನೀರಿನಲ್ಲಿ ಕ್ಯಾಲ್ಸಿಯಂ ಲೀಟರಿಗೆ 420 ಮಿಲಿಗ್ರಾಂ ಆಸುಪಾಸು ಇಟ್ಟುಕೊಂಡರೆ ತಿಂಗಳುಗಳಲ್ಲಿ ಕಲ್ಲಿನ ಮೇಲೆ ನೇರಳೆ ಬಣ್ಣದ ಸುಣ್ಣದ ಪಾಚಿ ಹಬ್ಬುತ್ತದೆ. ಆಮೇಲೆ ಅದು ಕೃತಕ ಅಂತ ಯಾರೂ ಹೇಳುವುದಿಲ್ಲ. ದೊಡ್ಡ ಕಲ್ಲನ್ನು ನಟ್ಟನಡುವೆ ಇಡದೆ ಒಂದು ಪಕ್ಕಕ್ಕೆ ಸರಿಸಿ, ಅರ್ಧದಷ್ಟು ಮರಳು ಖಾಲಿ ಬಿಡಿ.

ಮೀನು ತರುವಾಗಲೂ ಕೇಳಿ: ಇದು ಮರಿ ಮಾಡಿಸಿ ಸಾಕಿದ್ದಾ, ಸಮುದ್ರದಿಂದ ಹಿಡಿದದ್ದಾ? ಕ್ಲೌನ್ ಮೀನನ್ನು ಸಾಕಣೆಯಲ್ಲೇ ಮರಿ ಮಾಡಿಸುವ ವಿಧಾನವನ್ನು ನಮ್ಮ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯೇ ಬೆಳೆಸಿದೆ. ಸಾಕಿದ ಮರಿ ನಮ್ಮಲ್ಲಿ ತಂದ ದಿನವೇ ಕಾಳಿನಂಥ ಒಣ ಆಹಾರ ತಿಂದಿತು, ಹಿಡಿದು ತಂದದ್ದು ವಾರಗಟ್ಟಲೆ ಸತಾಯಿಸಿತು. ಈಗ ಇರುವುದು ಒಂದು ಜೋಡಿ ಕ್ಲೌನ್, ಮರಳು ಜರಡಿ ಹಿಡಿಯುವ ಒಂದು ಗೋಬಿ ಮೀನು, ಕೆಲವು ಬಸವನಹುಳು. ಇನ್ನೊಂದು ಮೀನು ಸೇರಿಸಿದರೂ ಪಾಚಿಯ ಕೈಮೀರುತ್ತದೆ, ಸ್ಕಿಮ್ಮರ್ ಮತ್ತೆ ಹಚ್ಚಬೇಕಾಗುತ್ತದೆ. ಅದಕ್ಕೇ ಸೇರಿಸುವುದಿಲ್ಲ.